ಸತ್ತು ತೇಲಿದ ಮೀನನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಲದು

ಮಾನ್ಯ ಸಂಪಾದಕರೆ,

ಹೈದರಾಬಾದಿನ ಹೊರವಲಯದಲ್ಲಿ ಔಷಧ ಕಾರ್ಖಾನೆಗಳಿರುವ ಪಟಾನ್‌ಚೆರು, ಬೊಲ್ಲಾರಂ ಸುತ್ತಲಿನ ಕೆರೆಗಳಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದಾಗ ಅದು ಸುದ್ದಿಯಾಗುತ್ತದೆ, ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಆಮ್ಲಜನಕ ಎಷ್ಟಿತ್ತು ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಬದುಕುಳಿದ ಮೀನಿನ ಒಡಲಲ್ಲಿ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ.

ಸುಮಾರು 90 ಔಷಧ ಘಟಕಗಳ ತ್ಯಾಜ್ಯ ಸೇರುತ್ತಿದ್ದ ಪಟಾನ್‌ಚೆರುವಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿದ ಸ್ವೀಡನ್‌ನ ವಿಜ್ಞಾನಿಗಳು, ಅದರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೂ ಇದೆಯೆಂದು 2007ರಲ್ಲಿ ಪ್ರಕಟಿಸಿದರು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಸಿಗುವುದಕ್ಕಿಂತಲೂ ಇದು ಹೆಚ್ಚು. ನೆನಪಿಡಬೇಕು, ಇದು ಶುದ್ಧೀಕರಣವಾದ ಮೇಲಿನ ನೀರು. ಅದನ್ನು 500 ಪಟ್ಟು ತೆಳುವಾಗಿಸಿ ರೇನ್‌ಬೋ ಟ್ರೌಟ್ ಮೀನುಗಳನ್ನು ಬಿಟ್ಟಾಗಲೂ ಅವುಗಳ ವಂಶವಾಹಿಗಳ ಚಟುವಟಿಕೆ ಬದಲಾಯಿತು, ವಿಷವನ್ನು ಒಡೆಯುವ ಕಿಣ್ವದ ಕೆಲಸ ಏರಿತು. ಅಷ್ಟೇ ತೆಳುವಾದ ನೀರಿನಲ್ಲಿ ಗೊದಮೊಟ್ಟೆಗಳ ಬೆಳವಣಿಗೆ ಶೇ 40ರಷ್ಟು ಕುಂಠಿತವಾಯಿತು.

ಮನುಷ್ಯನಿಗೆಂದು ತಯಾರಿಸಿದ ಔಷಧ ಮೀನಿಗೂ ತಟ್ಟುವುದು ಅಚ್ಚರಿಯಲ್ಲ, ಏಕೆಂದರೆ ಬೆನ್ನೆಲುಬಿರುವ ಪ್ರಾಣಿಗಳ ಹಾರ್ಮೋನು ವ್ಯವಸ್ಥೆ ಬಹುಮಟ್ಟಿಗೆ ಒಂದೇ ಬಗೆಯದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರಯೋಗದ ಕೆರೆಯೊಂದಕ್ಕೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜೆನ್ ಅನ್ನು ಲೀಟರಿಗೆ 5-6 ನ್ಯಾನೊಗ್ರಾಂನಷ್ಟು ಮಾತ್ರ ಬೆರೆಸಲಾಯಿತು. ಅಲ್ಲಿನ ಸಣ್ಣ ಜಾತಿಯ ಗಂಡುಮೀನುಗಳ ದೇಹದಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ಉತ್ಪತ್ತಿಯಾಗತೊಡಗಿತು, ಹೊಸ ಮರಿಗಳು ಬರುವುದೇ ನಿಂತು ಆ ಸಂತತಿ ನಶಿಸುವ ಹಂತ ತಲುಪಿತು. ಇಂಥ ಹಾನಿಗೆ ಪಂಚನಾಮೆ ಮಾಡಲು ದಡದಲ್ಲಿ ಹೆಣಗಳ ರಾಶಿ ಸಿಗುವುದಿಲ್ಲ. ಬಲೆ ಬರಿದಾಗುತ್ತಾ ಬಂದಾಗ ಮೀನುಗಾರನಿಗಷ್ಟೇ ಅದರ ಅರಿವಾಗುತ್ತದೆ.

ನಮ್ಮ ನಿಯಮಗಳೋ ಇಂದಿಗೂ ಬಿಒಡಿ, ಸಿಒಡಿಗಳನ್ನೇ (ನೀರಿನಲ್ಲಿರುವ ಕೊಳೆ ಸೂಕ್ಷ್ಮಜೀವಿಗಳಿಂದ ಅಥವಾ ರಾಸಾಯನಿಕವಾಗಿ ಒಡೆಯಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗಳು) ಮುಖ್ಯವಾಗಿ ಅಳೆಯುತ್ತವೆ. ನೀರಿನಲ್ಲಿ ಯಾವ ಔಷಧ ಎಷ್ಟಿದೆ ಎಂಬುದನ್ನು ಆ ಅಂಕಿಗಳು ಹೇಳಲಾರವು. ತ್ಯಾಜ್ಯದಲ್ಲಿ ಆ್ಯಂಟಿಬಯಾಟಿಕ್ ಶೇಷಕ್ಕೆ ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಮಾಯವಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಪಟಾನ್‌ಚೆರುವಿನ ಹಳ್ಳಗಳು ಸೇರುವ ಮಾಂಜ್ರಾ ನದಿ ತೆಲಂಗಾಣಕ್ಕೆ ಇಳಿಯುವ ಮುನ್ನ ನಮ್ಮ ಬೀದರ್ ಜಿಲ್ಲೆಯನ್ನು ಹಾದುಹೋಗುತ್ತದೆ. ಇಲ್ಲಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲೂ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಆ ಪ್ರದೇಶದ ಸುತ್ತಲಿನ ಹಳ್ಳ, ಕೆರೆಗಳ ನೀರಿನಲ್ಲಿ ಔಷಧಗಳ ಶೇಷವನ್ನೂ, ಅಲ್ಲಿನ ಮೀನುಗಳ ಕಿವಿರು, ಯಕೃತ್ತು, ಮೂತ್ರಪಿಂಡಗಳನ್ನೂ ಮೀನುಗಾರಿಕೆ ಇಲಾಖೆಯ ಜೊತೆಗೂಡಿ ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಒತ್ತಾಯಿಸುತ್ತೇನೆ. ಕೈಬಿಟ್ಟ ಮಿತಿಗಳನ್ನು ಮರಳಿ ಸೇರಿಸುವಂತೆ ರಾಜ್ಯ ಸರ್ಕಾರವೂ ಕೇಂದ್ರಕ್ಕೆ ಬರೆಯಬೇಕು.

– ಓದುಗ, ಬೀದರ್