ಗೆಳೆಯನಿಗೊಂದು ಪತ್ರ: ಜೈಲಿನಲ್ಲಿ ವೈಂಡಿಂಗ್ ಪಾಠ

ಮಾರಾಯ,

"ಜೈಲಿಗೆ ಹೋಗುತ್ತಿದ್ದೀಯಂತೆ, ಹೌದಾ?" ಅಂತ ನೀನು ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಇಲ್ಲಿ ಎಲ್ಲರ ಎದುರೇ ಉತ್ತರ ಕೊಡುತ್ತೇನೆ. ನಿನಗೊಬ್ಬನಿಗೆ ಹೇಳಿದರೂ ಊರಿಗೆಲ್ಲ ಗೊತ್ತಾಗುತ್ತದೆ. ಬಜಪೆ ಪ್ರಕರಣ ನಾನಿನ್ನೂ ಮರೆತಿಲ್ಲ.

ಹೌದು, ಮಂಗಳೂರಿನ ಕೊಡಿಯಾಲ್‌ಬೈಲಿನ ಜೈಲಿಗೆ ಹೋಗುತ್ತಿದ್ದೇನೆ. ವೈಂಡಿಂಗ್ ಕಲಿಸಲಿಕ್ಕೆ, ಅಂದರೆ ಸುಟ್ಟ ಮೋಟರಿಗೆ ಹೊಸ ವಯರು ಸುತ್ತುವ ಕೆಲಸ. ನಗಬೇಡ. ಸುಟ್ಟ ಫ್ಯಾನು, ತಾಮ್ರದ ವಯರು, ಇನ್ಸುಲೇಷನ್ ಪೇಪರು ಎಲ್ಲ ನನ್ನ ಅಂಗಡಿಯದ್ದೇ. ಒಳಗೆ ಹೋಗುವಾಗ ಕಟ್ಟರ್, ಸ್ಕ್ರೂಡ್ರೈವರ್ ಎಣಿಸಿ ಬರೆದುಕೊಳ್ಳುತ್ತಾರೆ, ಬರುವಾಗ ಮತ್ತೆ ಎಣಿಸುತ್ತಾರೆ. ನನ್ನ ಅಂಗಡಿಯಲ್ಲೂ ಹೀಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ನಾನು ಶ್ರೀಮಂತ.

ಜೈಲಿನ ಕೆಲಸ ಅಂದರೆ ನಮಗೆ ನೆನಪಾಗುವುದು ದೊಡ್ಡ ಸೆಂಟ್ರಲ್ ಜೈಲುಗಳ ಮಗ್ಗ, ಬೇಕರಿ, ಮರಗೆಲಸ. ಅದು ಶಿಕ್ಷೆಯಾದವರಿಗೆ. ದುಡಿದದ್ದಕ್ಕೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ನಮ್ಮ ಜಿಲ್ಲಾ ಜೈಲಿನಲ್ಲಿರುವ ಹೆಚ್ಚಿನವರಿಗೆ ಶಿಕ್ಷೆಯೇ ಆಗಿಲ್ಲ, ಕೇಸು ನಡೆಯುತ್ತಾ ಉಂಟು. ದೇಶದ ಲೆಕ್ಕವೂ ಹಾಗೆಯೇ: 2022ರ ಕೊನೆಗೆ ಜೈಲಿನಲ್ಲಿದ್ದ ನೂರರಲ್ಲಿ ಸುಮಾರು 76 ಜನ ವಿಚಾರಣಾಧೀನರು. ಅವರು ಕೆಲಸ ಮಾಡಲೇಬೇಕು ಅಂತಿಲ್ಲ. ಎಷ್ಟು ದಿನ ಇರುತ್ತಾರೆ ಅಂತಲೂ ಗೊತ್ತಿಲ್ಲ. ಹಾಗಾಗಿ ಸುಮ್ನೆ ಕೂರುತ್ತಾರೆ. ಕೋರ್ಟಿನ ತಾರೀಕು, ಮತ್ತೆ ಇನ್ನೊಂದು ತಾರೀಕು. ನನ್ನ ಕ್ಲಾಸಿನಲ್ಲಿ ಒಬ್ಬ ಅರ್ಧ ಕಾಯಿಲ್ ಸುತ್ತಿಟ್ಟು ಹೋದವನು ಮತ್ತೆ ಬರಲಿಲ್ಲ. ಜಾಮೀನು ಸಿಕ್ಕಿತಂತೆ. ಖುಷಿಯೇ, ಆದರೆ ಕಾಯಿಲ್ ಯಾರು ಮುಗಿಸಬೇಕು?

ಇನ್ನೊಬ್ಬ ಇದ್ದಾನೆ. ಮಾತು ಕಡಿಮೆ. ಹಳೆ ಕಾಯಿಲ್ ಬಿಚ್ಚುವಾಗ ಸುತ್ತು ಎಣಿಸಬೇಕಲ್ಲ, ಹೊಸದಕ್ಕೂ ಅಷ್ಟೇ ಹಾಕಬೇಕು. ಪಕ್ಕದಲ್ಲಿ ಎಷ್ಟು ಗಲಾಟೆ ಇದ್ದರೂ ಅವನಿಗೆ ಲೆಕ್ಕ ತಪ್ಪುವುದಿಲ್ಲ. "ಇಲ್ಲಿ ಎಣಿಸಿ ಎಣಿಸಿ ಅಭ್ಯಾಸ ಸರ್" ಅಂದ. ಇನ್ಸುಲೇಷನ್ ಪೇಪರನ್ನು ಕಾಯಿಲ್ ಕೂರುವ ಸಂದಿಗೆ, ಅಂದರೆ ಸ್ಲಾಟಿಗೆ ಇಳಿಸುವಾಗ ಅವನ ಬೆರಳು ನೋಡಬೇಕು ನೀನು. ಒಂದು ಸುಕ್ಕಿಲ್ಲ. ವಯರಿನ ಎನಾಮೆಲ್ ಲೇಪದ ಮೇಲೆ ಒಂದು ಗೀರಿಲ್ಲ. ಅವನು ಕಟ್ಟಿದ ಫ್ಯಾನು ಮೊದಲ ಸಲಕ್ಕೇ ತಿರುಗಿತು. ಉಳಿದವರು ಚಪ್ಪಾಳೆ ಹೊಡೆದರು, ಅವನು ಕೆಪಾಸಿಟರ್ ಸರಿಯಾಗಿ ಕೂತಿದೆಯಾ ಅಂತ ನೋಡುತ್ತಿದ್ದ.

ಮೊನ್ನೆ ಕೇಳಿದ, "ಹೊರಗೆ ಬಂದ ಮೇಲೆ ನಿಮ್ಮ ಅಂಗಡಿಗೆ ಬರಬಹುದಾ ಸರ್?"

ನನ್ನ ಬಾಗಿಲಲ್ಲಿ 'ಕೆಲಸಕ್ಕೆ ಜನ ಬೇಕು' ಅಂತ ಬೋರ್ಡು ತೂಗುತ್ತಿರುವುದು ನಿನಗೆ ಗೊತ್ತುಂಟು. ನಾನು "ನೋಡುವ" ಅಂದೆ. ನಮ್ಮೂರಲ್ಲಿ ನೋಡುವ ಅಂದರೆ ಎಂತ ಅಂತ ಅವನಿಗೂ ಗೊತ್ತು.

ಅವನನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ ಅಂತ ಮನೆಯಲ್ಲಿ ಕಾರಣ ಹೇಳಿದೆ: ಪಂಪು ಬಿಚ್ಚಲಿಕ್ಕೆ ಹಿತ್ತಿಲಿಗೆ ಹೋಗಬೇಕು, ಮಕ್ಕಳೆಲ್ಲ ಗಲ್ಫಿನಲ್ಲಿ, ಮನೆಯಲ್ಲಿ ವಯಸ್ಸಾದ ಅಮ್ಮಂದಿರು ಮಾತ್ರ, ನಾಳೆ ಯಾರಾದರೂ ಕೇಳಿದರೆ? ಎಲ್ಲರೂ ಹೌದು ಹೌದು ಅಂದರು. ಸುಳ್ಳಲ್ಲ ಅದು. ಆದರೆ ನಿಜವಾದ ಕಾರಣ ಅದಲ್ಲ ಮಾರಾಯ. ಅವನ ಕೈ ನನ್ನ ಕೈಗಿಂತ ಚೆನ್ನಾಗಿದೆ. ಎರಡು ವರ್ಷದಲ್ಲಿ ಎದುರುಗಡೆ ಅಂಗಡಿ ಹಾಕುತ್ತಾನೆ. ಕದ್ರಿ ಐಟಿಐಯಲ್ಲಿ ಓದಿದ ಹುಡುಗ ಹಾಗೆ ಬೆಳೆದಿದ್ದರೆ 'ನನ್ನ ಶಿಷ್ಯ' ಅಂತ ಮೆರೆಯುತ್ತಿದ್ದೆ. ಇವನು ಸುಧಾರಿಸಬೇಕು, ಆದರೆ ನನ್ನ ಕೆಳಗೇ ಇರಬೇಕು. ಇಷ್ಟು ದಿನ ಸಮಾಜಸೇವೆ ಅಂತ ಹೇಳಿಕೊಂಡು ತಿರುಗಿದ್ದು ಇದಕ್ಕಾ ಅಂತ ರಾತ್ರಿ ಎರಡು ಗಂಟೆಗೆ ಅನಿಸಿತು.

ಇದೆಲ್ಲ ಬರೆಯಬೇಕು ಅಂತ ಕೂತದ್ದಲ್ಲ. ನಿನ್ನ ಫ್ಯಾನಿನ ವಿಷಯ ಹೇಳಲಿಕ್ಕೆ ಕೂತದ್ದು. ಅದನ್ನು ಕಟ್ಟಿದವನು ಅವನೇ. ದುಡ್ಡು ಮಾತ್ರ ನನಗೇ ಕೊಡು. ಮತ್ತೆ ಕೆಳಗೆ ಕಮೆಂಟಿನಲ್ಲಿ 'ಗುರುಗಳೇ' ಅಂತ ಹಾಕಿದರೆ ಬ್ಲಾಕ್ ಮಾಡುತ್ತೇನೆ, ನಿನ್ನ ಹೆಂಡತಿಗೆ ಬಜಪೆಯದ್ದೂ ಹೇಳುತ್ತೇನೆ.

ನಿನ್ನ,
ಮೂರು ಪ್ಲಗ್ಗಿನ ಮಹಾರಾಜ