ಪರೀಕ್ಷೆ ಮುಗಿಯುವವರೆಗೆ ಶನಿವಾರದ ಬೈಬಲ್ ಅಧ್ಯಯನ ಇಲ್ಲ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ಪರೀಕ್ಷೆ ಹತ್ತಿರ ಬಂತು, ಹಾಗಾಗಿ ಈ ಶನಿವಾರದಿಂದ ಸಂಜೆಯ ಬೈಬಲ್ ಅಧ್ಯಯನ ನಿಲ್ಲಿಸಿದ್ದೇವೆ. ಭಾನುವಾರದ ಆರಾಧನೆ ಎಂದಿನಂತೆ ಇರುತ್ತದೆ. ಓದುವುದಿದೆ ಅಂತ ಅದನ್ನು ತಪ್ಪಿಸಬೇಡಿ, ಆ ಹೊತ್ತಲ್ಲಿ ಮನೆಯಲ್ಲಿ ಕೂತು ಫೋನ್ ನೋಡುವುದೇ ಜಾಸ್ತಿ ಅಂತ ನಮಗೂ ಗೊತ್ತು!

ಅಧ್ಯಯನದ ಬದಲು ಮಾರ್ಕನ ಸುವಾರ್ತೆ ಓದೋಣ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ ಅಷ್ಟೇ. ಬೆಳಿಗ್ಗೆ ಪುಸ್ತಕ ತೆಗೆಯುವ ಮೊದಲು ಒಂದು ಅಧ್ಯಾಯ ಸಾಕು. 4ನೇ ಅಧ್ಯಾಯವನ್ನು ಮಾತ್ರ ನಿಧಾನವಾಗಿ ಓದಿ: ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ, ಶಿಷ್ಯರು ಗಾಬರಿಯಿಂದ ಎಬ್ಬಿಸುತ್ತಿದ್ದಾರೆ. ಗಣಿತದ ಪೇಪರ್ ಹಿಂದಿನ ರಾತ್ರಿ ನಮ್ಮ ಕಥೆಯೂ ಇದೇ ಅಲ್ವಾ?

ಪರೀಕ್ಷೆ ಬರೆಯುವವರು ಯಾವ ದಿನ ಯಾವ ವಿಷಯ ಅಂತ ಇವತ್ತು ರಾತ್ರಿಯೊಳಗೆ ಇಲ್ಲೇ ತಿಳಿಸಿ. ಆಯಾ ದಿನ ಬೆಳಿಗ್ಗೆ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಯಾವುದಾದರೂ ಪಾಠ ಅರ್ಥವಾಗದಿದ್ದರೆ ಸಂಕೋಚ ಬೇಡ, ಆರಾಧನೆ ಮುಗಿದ ಮೇಲೆ ಅಕ್ಕಂದಿರು, ಅಣ್ಣಂದಿರು ಹೇಳಿಕೊಡುತ್ತಾರೆ. ಆದರೆ ಯಾವ ಪಾಠ ಅಂತ ಶನಿವಾರವೇ ಹೇಳಿಬಿಡಿ, ಅವರೂ ಒಮ್ಮೆ ತಿರುವಿ ಹಾಕಬೇಕಲ್ಲ. ಮತ್ತೆ, ರಾತ್ರಿ ಹತ್ತರ ನಂತರ ಸುಮ್ನೆ ಫಾರ್ವರ್ಡ್ ಹಾಕಬೇಡಿ ಪ್ಲೀಸ್.