ರೋಸೀನ್ ಪ್ರವಾಸ ಈ ವರ್ಷ ನಿಲ್ಲಬಾರದು

ಆತ್ಮೀಯರೇ, ನಮಸ್ಕಾರ.

ಲೂಯಿವಿಲ್‌ನ ನಮ್ಮ ಭಾನುವಾರದ ಶಾಲೆ ನಿಮಗೆ ಹೊಸದಲ್ಲ. ನೀವೆಲ್ಲ ಕೈಜೋಡಿಸಿ ಕೊಂಡ ಕಟ್ಟಡ ಅದು. ಕಳೆದ ತಿಂಗಳ ಮಳೆಗೆ ಸಂಗೀತದ ಕೋಣೆ ಸೋರಿತು. ಮೂರು ಮ್ಯಾಂಡೊಲಿನ್ ನೆನೆದವು. ಒಂದರ ಬೆನ್ನಿನ ಹಲಗೆ ಅಂಟು ಬಿಟ್ಟು ಬಾಯಿ ತೆರೆದಿದೆ. ಪ್ರವಾಸಕ್ಕೆ ಕೂಡಿಟ್ಟಿದ್ದ ದುಡ್ಡೆಲ್ಲ ಚಾವಣಿ ರಿಪೇರಿಗೆ ಹೋಯಿತು.

ಸೆಪ್ಟೆಂಬರ್ 13 ಹೆಸರಾಂತ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಹುಟ್ಟಿದ ದಿನ. ಹನ್ನೊಂದು ವರ್ಷದಿಂದ ಒಮ್ಮೆಯೂ ತಪ್ಪಿಸದೆ ಆ ಹೊತ್ತಿಗೆ ಮಕ್ಕಳನ್ನು ನಮ್ಮ ಕೆಂಟಕಿಯದೇ ಊರಾದ ರೋಸೀನ್‌ಗೆ, ಜೆರುಸಲೆಮ್ ರಿಜ್ ಮೇಲಿನ ಅವರ ಮನೆಗೆ ಕರೆದುಕೊಂಡು ಹೋಗಿದ್ದೇವೆ. ಅವರ ತಂಡ ಬ್ಲೂ ಗ್ರಾಸ್ ಬಾಯ್ಸ್‌ನಿಂದಲೇ ಅಲ್ವಾ ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್ ಸೇರಿಸಿ ನುಡಿಸುವ ಅಮೆರಿಕದ ಬ್ಲೂಗ್ರಾಸ್ ಸಂಗೀತಕ್ಕೆ ಆ ಹೆಸರು ಬಂದದ್ದು! ಆದರೆ ಮಕ್ಕಳಿಗೆ ನಾವು ಹೇಳುವುದು ಅದಕ್ಕಿಂತ ಹಿಂದಿನ ಕಥೆ. 1911ರಲ್ಲಿ ಹುಟ್ಟಿದ ಹುಡುಗ, ಎಂಟು ಮಕ್ಕಳಲ್ಲಿ ಕಿರಿಯವನು, ಕಣ್ಣು ಸರಿಯಿಲ್ಲ. ಪಿಟೀಲು, ಗಿಟಾರ್ ಅಣ್ಣಂದಿರ ಪಾಲಾದವು. ಇವನಿಗೆ ಉಳಿದದ್ದು ಮ್ಯಾಂಡೊಲಿನ್. ಅದೂ ಜಾಸ್ತಿ ಸದ್ದು ಮಾಡಬಾರದು ಅಂತ ಎಂಟು ತಂತಿಯಲ್ಲಿ ನಾಲ್ಕನ್ನು ತೆಗೆಸಿದ್ದರು. ಹತ್ತಕ್ಕೆ ತಾಯಿ ಹೋದರು, ಹದಿನಾರಕ್ಕೆ ತಂದೆ. ಆಮೇಲೆ ಆಸರೆ ಕೊಟ್ಟವರು ಸೋದರಮಾವ ಪೆನ್ ವಾಂಡಿವರ್. ಅವರ ಪಿಟೀಲಿನ ಜೊತೆ ನುಡಿಸುತ್ತಲೇ ಹುಡುಗ ಕಲಿತ.

ಹೋದ ವರ್ಷ ಆ ಮನೆಯ ಮುಂದೆ ನಮ್ಮ ಎಂಟು ವರ್ಷದ ಹುಡುಗಿಯೊಬ್ಬಳು ನೆಲದ ಮೇಲೆ ಕೂತಳು. ತನ್ನ ಮ್ಯಾಂಡೊಲಿನ್‌ನ ಪ್ರತಿ ಜೋಡಿಯಲ್ಲಿ ಒಂದೊಂದು ತಂತಿ ಸಡಿಲ ಮಾಡಿ, ನಾಲ್ಕರಲ್ಲೇ ಮೀಟಿ ನೋಡಿದಳು. "ಇಷ್ಟರಲ್ಲೇ ಕಲಿತರಾ?" ಅಂದಳು. ಅವಳಪ್ಪನಿಗೆ ಆಗ ಕೆಲಸ ಹೋಗಿತ್ತು. ಇಂಥ ಮನೆಗಳ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಅಪ್ಪ ಅಮ್ಮ ಇಬ್ಬರೂ ರಾತ್ರಿ ಪಾಳಿ. ಎರಡು ಗಂಟೆ ದಾರಿಯಾದರೂ ಕರೆದುಕೊಂಡು ಹೋಗುವವರಿಲ್ಲ.

ಇದೇ ಮಕ್ಕಳು ಯುಗಾದಿಗೆ ಪುರಂದರದಾಸರ ಪದವನ್ನು ಮ್ಯಾಂಡೊಲಿನ್‌ನಲ್ಲಿ ನುಡಿಸಿದಾಗ ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಿರಿ. ಅಂದು ನಮ್ಮ ಕಣ್ಣೂ ತುಂಬಿತ್ತು. ಹಳೆಯ ವಿದ್ಯಾರ್ಥಿಗಳಿಬ್ಬರು ಈಗ ಇಲ್ಲೇ ಪಾಠ ಹೇಳುತ್ತಿದ್ದಾರೆ.

ಬಸ್ಸು, ಊಟಕ್ಕೆ ಸುಮಾರು 1,200 ಡಾಲರ್ ಬೇಕು. ವಾದ್ಯಗಳ ರಿಪೇರಿಗೆ ಇನ್ನೊಂದು 500 ಆಗಬಹುದು. ಆಗಸ್ಟ್ ಕೊನೆಯೊಳಗೆ ಬಸ್ಸಿಗೆ ಮುಂಗಡ ಕಟ್ಟಬೇಕು. ಹತ್ತು ಡಾಲರ್ ಆದರೂ ಸರಿ, ದಯವಿಟ್ಟು ಕಳಿಸಿ. ಮನೆಯಲ್ಲಿ ಸುಮ್ನೆ ಬಿದ್ದಿರುವ ಮ್ಯಾಂಡೊಲಿನ್ ಇದ್ದರೆ ಅದನ್ನೂ ಕೊಡಿ. ತಂತಿ ನಾವು ಹಾಕಿಸಿಕೊಳ್ಳುತ್ತೇವೆ.

ನಿಮ್ಮ,
ಶಾಲೆಯ ಧರ್ಮದರ್ಶಿಗಳು